ಕಾಫಿ ಹೊರಗೆ ಹೋಗಬೇಕು, ಮೆಣಸು ಒಳಗೆ ಬರಬಾರದು

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಆರು ಎಕರೆ ರೋಬಸ್ಟಾ ಕಾಫಿ ತೋಟ. ಸಿಲ್ವರ್ ಓಕ್ ಮತ್ತು ಕಾಡುಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಈಚಿನ ವರ್ಷಗಳಲ್ಲಿ ಕಾಫಿಗೆ ಒಳ್ಳೆ ರೇಟು ಸಿಕ್ಕಿತು. ಆ ಧೈರ್ಯದ ಮೇಲೆ ಸಾಲ ಮಾಡಿ, ಪಕ್ಕದ ಎರಡು ಎಕರೆಯಲ್ಲಿ ಮರ ತೆಗೆಸಿ ಇನ್ನಷ್ಟು ರೋಬಸ್ಟಾ ಹಾಕೋಣ ಅಂತ ಮಗ ಹೇಳುತ್ತಿದ್ದಾನೆ. ಆದರೆ ಪೇಪರ್ ತೆಗೆದರೆ ಅಮೆರಿಕ ಸುಂಕ ಹಾಕಿತು, ಯುರೋಪ್ ಹೊಸ ಕಾನೂನು ತಂತು, ಜಾಗತೀಕರಣ ಮುಗಿಯಿತು ಅಂತಲೇ ಸುದ್ದಿ. ಹೊರದೇಶದವರು ಬಾಗಿಲು ಹಾಕಿಕೊಂಡರೆ ನಮ್ಮ ಕಾಫಿ ಯಾರು ಕೊಳ್ಳುತ್ತಾರೆ? ಇನ್ನೊಂದು ಕಡೆ ವಿಯೆಟ್ನಾಂ ಮೆಣಸು ಶ್ರೀಲಂಕಾ ಮೂಲಕ ಬಂದು ನಮ್ಮ ರೇಟು ಕೆಡಿಸುತ್ತಿದೆ. ಕಾಫಿ, ಮೆಣಸು ಎರಡರ ಆಮದನ್ನೂ ಪೂರ್ತಿ ನಿಲ್ಲಿಸಿ ಅಂತ ಸಂಘದಿಂದ ಮನವಿ ಕೊಡುತ್ತಿದ್ದೇವೆ. ಅದಕ್ಕೆ ಸಹಿ ಹಾಕುವುದಾ? ಸಾಲ ಮಾಡುವುದಾ? ಯುರೋಪಿನ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ, ಕೊಡುವುದಾ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಒಂದು, ಹೊರಗಿನವರು ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನೋದು. ಇನ್ನೊಂದು, ನಾವು ಬಾಗಿಲು ಹಾಕುತ್ತಿಲ್ಲ ಅನ್ನೋದು. ಒಂದೇ ತೋಟದಲ್ಲಿ, ಒಂದೇ ಮರದ ಬುಡದಲ್ಲಿ ಎರಡೂ ಭಯ ಕೂತಿವೆ. ಇದು ನಿಮ್ಮೊಬ್ಬರ ಗೊಂದಲ ಅಲ್ಲ. ಕಾಫಿ ಮತ್ತು ಸಾಂಬಾರ ಪದಾರ್ಥಗಳ ರಫ್ತಿನ ಕಾಗದಪತ್ರ ನೋಡುವುದೇ ನನ್ನ ಕೆಲಸ. ಮಲೆನಾಡಿನಲ್ಲಿ ಬೆಳೆಗಾರರ ಸಭೆಗೆ ಹೋದಾಗಲೆಲ್ಲ ಇವೆರಡೂ ಪ್ರಶ್ನೆ ಒಟ್ಟಿಗೇ ಬರುತ್ತವೆ. ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಅಮೆರಿಕದ ಸುಂಕ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ 70 ಹೊರದೇಶಕ್ಕೆ ಹೋಗುತ್ತದೆ, ನಿಜ. ಆದರೆ ಅದರ ದೊಡ್ಡ ಗಿರಾಕಿ ಅಮೆರಿಕ ಅಲ್ಲ. ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾ ಇವು ನಮ್ಮ ಮುಖ್ಯ ಗಿರಾಕಿಗಳು. ಅಮೆರಿಕದ ಪಾಲು ಸಣ್ಣದು. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಸುಂಕ ಶೇ 50ಕ್ಕೆ ಏರಿದಾಗ ಸಿದ್ಧ ಉಡುಪು, ಸೀಗಡಿ, ವಜ್ರ ಮಾಡುವವರಿಗೆ ದೊಡ್ಡ ಪೆಟ್ಟು ಬಿತ್ತು. ಕಾಫಿಯವರಿಗೆ ನೇರವಾಗಿ ಆ ಮಟ್ಟದ ಪೆಟ್ಟು ಬೀಳಲಿಲ್ಲ.

ಕಾಫಿಯ ವಿಷಯದಲ್ಲಿ ಅಲ್ಲಿ ಆದದ್ದನ್ನು ನೀವು ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಕಾಫಿ ಬೆಳೆಯುವುದು ಹವಾಯಿ, ಪೋರ್ಟೊ ರಿಕೊ ಬಿಟ್ಟರೆ ಇಲ್ಲವೇ ಇಲ್ಲ ಅನ್ನಬಹುದು. ಅಂದಮೇಲೆ ಸುಂಕ ಹಾಕಿ ಕಾಪಾಡಲು ಅಲ್ಲಿ ಬೆಳೆಗಾರರೇ ಇಲ್ಲ. ಆದರೂ ಬ್ರೆಜಿಲ್ ಕಾಫಿಯ ಮೇಲೆ ಶೇ 50 ಹಾಕಿದರು. ಅವರ ಅಂಗಡಿಗಳಲ್ಲಿ ಕಾಫಿ ಬೆಲೆ ಒಂದೇ ವರ್ಷದಲ್ಲಿ ಐದನೇ ಒಂದು ಭಾಗದಷ್ಟು ಏರಿತು. ಜನ ಗಲಾಟೆ ಮಾಡಿದರು. ನವೆಂಬರ್ ಮಧ್ಯದಲ್ಲಿ ಕಾಫಿ, ಟೀ, ಬಾಳೆಹಣ್ಣು, ಸಾಂಬಾರ ಪದಾರ್ಥ ಇವನ್ನೆಲ್ಲ ಬೇರೆ ದೇಶಗಳ ಮೇಲೆ ಹೊಸದಾಗಿ ಹಾಕಿದ್ದ ಪ್ರತಿಸುಂಕದ ಪಟ್ಟಿಯಿಂದ ಹೊರಗೆ ತೆಗೆದರು. ಒಂದು ವಾರದೊಳಗೆ ಬ್ರೆಜಿಲ್ ಕಾಫಿಗೂ ವಿನಾಯಿತಿ ಕೊಟ್ಟರು. ತಾನು ಬೆಳೆಯದ, ಆದರೆ ದಿನಾ ಬೇಕಾದ ಪದಾರ್ಥದ ಮೇಲೆ ಯಾವ ಸರ್ಕಾರವೂ ಬಹಳ ದಿನ ಸುಂಕ ಇಟ್ಟುಕೊಳ್ಳಲಾರದು. ಕಾಫಿ ಬೆಳೆಯುವವರಿಗೆ ಇದು ದೊಡ್ಡ ಆಸರೆ. ಬಟ್ಟೆ ಹೊಲಿಯುವವರಿಗೆ ಈ ಆಸರೆ ಇಲ್ಲ.

ಜಾಗತೀಕರಣ ಮುಗಿಯಿತು ಅನ್ನುವ ಮಾತಿಗೆ ಬರುತ್ತೇನೆ. ಅದು ಅರ್ಧ ಸತ್ಯ ಕೂಡ ಅಲ್ಲ. 2024ರಲ್ಲಿ ಪ್ರಪಂಚದ ವ್ಯಾಪಾರ ಸುಮಾರು 33 ಲಕ್ಷ ಕೋಟಿ ಡಾಲರ್ ಮುಟ್ಟಿತು. ಅಲ್ಲಿವರೆಗಿನ ದಾಖಲೆ ಅದು. ಪ್ರಪಂಚದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ವ್ಯಾಪಾರದ ಗಾತ್ರ 1970ರಲ್ಲಿ ಶೇ 25ರ ಆಸುಪಾಸು ಇತ್ತು. 2008ರ ಹೊತ್ತಿಗೆ ಶೇ 60ರ ಹತ್ತಿರ ಬಂತು. ಅಲ್ಲಿಂದೀಚೆಗೆ ಆ ಸುತ್ತಲೇ ಮೇಲೆ ಕೆಳಗೆ ಆಡುತ್ತಿದೆ. ಅಂದರೆ ಓಟ ನಿಂತಿದೆ, ಆದರೆ ಹಿಂದಕ್ಕೆ ಹೋಗುತ್ತಿಲ್ಲ.

ಮುರಿದು ಬಿದ್ದಿರುವುದು ಬೇರೆ. ಎಲ್ಲರೂ ಒಂದೇ ನಿಯಮಕ್ಕೆ ತಲೆಬಾಗಬೇಕು ಅನ್ನುವ ಏರ್ಪಾಡು ಮುರಿದಿದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೇಶಗಳ ಜಗಳಕ್ಕೆ ಕೊನೇ ತೀರ್ಪು ಕೊಡುವ ಮೇಲ್ಮನವಿ ಪೀಠ ಇತ್ತು. ಅದಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಯುತ್ತಾ ಬಂತು. 2019ರ ಡಿಸೆಂಬರ್‌ನಿಂದ ಆ ಪೀಠ ಕೆಲಸವನ್ನೇ ಮಾಡುತ್ತಿಲ್ಲ. ಈಗ ದೊಡ್ಡ ದೇಶ ನಿಯಮ ಮುರಿದರೆ ಕೇಳುವವರಿಲ್ಲ. ಹಾಗಾಗಿ ಪ್ರತಿ ದೇಶವೂ ಇನ್ನೊಂದು ದೇಶದ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಲು ಓಡಾಡುತ್ತಿದೆ. 2019ರ ನವೆಂಬರ್‌ನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ದೊಡ್ಡ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹೊರಬಂದ ಭಾರತವೇ ಈಗ ನೋಡಿ, 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಹಾಕಿತು. ಯುರೋಪ್ ಒಕ್ಕೂಟದ ಜೊತೆ ಮಾತುಕತೆ ಮುಗಿಯಿತು ಅಂತ 2026ರ ಜನವರಿಯಲ್ಲಿ ಘೋಷಿಸಿತು.

ದೇಶಗಳು ಯಾಕೆ ಹೀಗೆ ಒಳಗೆ ಸರಿಯುತ್ತಿವೆ ಅಂದರೆ ಕಾರಣ ಒಂದಲ್ಲ. ಅಮೆರಿಕ, ಯುರೋಪಿನ ಎಷ್ಟೋ ಕಾರ್ಖಾನೆ ಊರುಗಳು ಚೀನಾ ಸರಕು ಬಂದಮೇಲೆ ಖಾಲಿಯಾದವು. ಅಲ್ಲಿನವರ ಸಿಟ್ಟು ಸುಳ್ಳಲ್ಲ. ಕೋವಿಡ್ ಬಂದಾಗ ಮಾಸ್ಕಿಗೂ ಬೇರೆ ದೇಶದ ಕೈ ನೋಡಬೇಕಾಯಿತು. ಆಮೇಲೆ ಯುಕ್ರೇನ್ ಯುದ್ಧ, ಕೆಂಪು ಸಮುದ್ರದ ದಾಳಿ. 2023ರ ಕೊನೆಯಿಂದ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಮಂಗಳೂರು, ಕೊಚ್ಚಿಯಿಂದ ಹೊರಟ ಕಾಫಿ ಕಂಟೇನರಿಗೆ ಸಾಗಣೆ ಖರ್ಚೂ ಏರಿತು, ದಿನಗಳೂ ಜಾಸ್ತಿಯಾದವು. ಆ ವರ್ಷ ನಾನು ನೋಡಿದ ರಫ್ತುದಾರರಿಗೆ ಸುಂಕಕ್ಕಿಂತ ಹಡಗಿನದ್ದೇ ತಲೆನೋವಾಗಿತ್ತು.

ಇಷ್ಟೆಲ್ಲ ಇದ್ದರೂ ನಿಮ್ಮ ಚೀಲದ ರೇಟು ನಿರ್ಧಾರ ಆಗುವುದು ಬೇರೆ ಕಡೆ. ರೋಬಸ್ಟಾಗೆ ಲಂಡನ್ ಮಾರುಕಟ್ಟೆಯೇ ಅಳತೆಗೋಲು. ಅಲ್ಲಿನ ರೇಟು, ಡಾಲರ್ ಎದುರು ರೂಪಾಯಿಯ ಬೆಲೆ, ನಮ್ಮ ಬೀಜದ ಗುಣಮಟ್ಟ, ಈ ಮೂರು ಸೇರಿ ನಿಮ್ಮೂರ ವ್ಯಾಪಾರಿ ರೇಟು ಹೇಳುತ್ತಾರೆ. ಲಂಡನ್ ರೇಟು ಏರಿದ್ದು ವಿಯೆಟ್ನಾಮಿನಲ್ಲಿ ಬರ ಬಿದ್ದದ್ದರಿಂದ, ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟದ್ದರಿಂದ. 2025ರ ಫೆಬ್ರವರಿಯಲ್ಲಿ ಟನ್ನಿಗೆ 5,800 ಡಾಲರ್ ಹತ್ತಿರ ಹೋಯಿತು. ಹೊಸ ಬೆಳೆ ಚೆನ್ನಾಗಿ ಬರುತ್ತದೆ ಅಂತ ಗೊತ್ತಾದ ಕೂಡಲೇ ಜುಲೈ ಹೊತ್ತಿಗೆ 3,500ಕ್ಕಿಂತ ಕೆಳಗೆ ಬಿತ್ತು. ಬ್ರೆಜಿಲ್ ಮೇಲೆ ಅಮೆರಿಕ ಸುಂಕ ಹಾಕಿದ ಆಗಸ್ಟ್‌ನಲ್ಲಿ ರೇಟು ಇನ್ನೂ ಬೀಳಬೇಕಿತ್ತು ಅಲ್ವಾ? ಹಾಗಾಗಲಿಲ್ಲ, ಜೋರಾಗಿ ಏರಿತು. ಅಮೆರಿಕದವರು ಬ್ರೆಜಿಲ್ ಬಿಟ್ಟು ಬೇರೆ ಕಡೆ ಬೀಜ ಹುಡುಕತೊಡಗಿದ್ದು ಅದಕ್ಕೊಂದು ಕಾರಣ.

ಇನ್ನೂ ಹಿಂದಿನದು ಹೇಳಿದರೆ ನಿಮ್ಮ ಮಗನಿಗೆ ಉಪಯೋಗ ಆಗಬಹುದು. 1962ರಿಂದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಅಂತ ಒಂದಿತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಇತ್ತು. ಇಲ್ಲಿ ನಮ್ಮಲ್ಲಿ 1942ರ ಕಾಫಿ ಕಾಯ್ದೆ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರದ್ದನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೇ ಕೊಡಬೇಕು. ನೀವೇ ಮಾರುವ ಹಾಗಿರಲಿಲ್ಲ. ಎರಡೂ ಕಡೆ ಬೇಲಿ. 1989ರ ಜುಲೈನಲ್ಲಿ ಆ ಅಂತಾರಾಷ್ಟ್ರೀಯ ಕೋಟಾ ಮುರಿಯಿತು, ಕೆಲವೇ ತಿಂಗಳಲ್ಲಿ ಪ್ರಪಂಚದ ರೇಟು ಅರ್ಧದ ಹತ್ತಿರ ಬಂತು. ನಮ್ಮ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಹೋಯಿತು. ಮುಕ್ತ ಮಾರಾಟದ ಮೊದಮೊದಲ ವರ್ಷಗಳಲ್ಲಿ ಒಳ್ಳೆ ದುಡ್ಡು ಬಂತು. ತೋಟಗಳು ಬೆಳೆದವು, ಸಾಲಗಳೂ ಬೆಳೆದವು. ಅಷ್ಟರಲ್ಲಿ ವಿಯೆಟ್ನಾಂ ಬ್ರೆಜಿಲ್ ನಂತರದ ಸ್ಥಾನಕ್ಕೆ ಏರಿಬಿಟ್ಟಿತ್ತು. 2001ರ ಕೊನೆಗೆ ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 500 ಡಾಲರ್‌ಗೂ ಕೆಳಗೆ ಹೋಯಿತು. ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಆಗ ಬ್ಯಾಂಕಿಗೆ ಬಡ್ಡಿ ಕಟ್ಟಲಾಗದೆ ಒದ್ದಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆಗ ಯಾವ ದೇಶವೂ ಬಾಗಿಲು ಹಾಕಿರಲಿಲ್ಲ. ಬಾಗಿಲು ತೆಗೆದೇ ಇತ್ತು, ಎಲ್ಲರೂ ಒಟ್ಟಿಗೆ ಗಿಡ ಹಾಕಿದ್ದರು ಅಷ್ಟೇ.

ಹಾಗಾಗಿ ಸಾಲದ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಅಮೆರಿಕದ ಬಗ್ಗೆ ಅಲ್ಲ. ನಿಮ್ಮ ಮಗ ಯೋಚಿಸಿದ ಹಾಗೆ ಬೇರೆ ಬೇರೆ ದೇಶಗಳಲ್ಲಿ ಎಷ್ಟು ಜನ ಯೋಚಿಸುತ್ತಿದ್ದಾರೋ ಅನ್ನುವುದರ ಬಗ್ಗೆ. ಈಗ ಹಾಕಿದ ಗಿಡ ಸರಿಯಾಗಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅವರ ಗಿಡಗಳೂ ಆಗಲೇ ಫಸಲಿಗೆ ಬರುತ್ತವೆ.

ಈಗ ಮೆಣಸು. ಇಲ್ಲಿ ನಿಮ್ಮ ದೂರು ನ್ಯಾಯವಾದದ್ದು. ಆದರೆ ಮನವಿಯಲ್ಲಿ ಕೇಳುತ್ತಿರುವ ಪರಿಹಾರ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ.

ಭಾರತ ಮೆಣಸಿನ ಮೇಲೆ ಹಾಕುವ ಸಾಮಾನ್ಯ ಆಮದು ಸುಂಕ ಶೇ 70. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದ 2010ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ವಿಯೆಟ್ನಾಂ ಮೆಣಸಿಗೆ ಸುಂಕ ಇಳಿಯುತ್ತಾ ಶೇ 50ಕ್ಕೆ ಬಂದು ನಿಂತಿದೆ. ಶ್ರೀಲಂಕಾ ಒಪ್ಪಂದ ಬೇರೆ, ಅದು 2000ನೇ ಇಸವಿಯದು. ವರ್ಷಕ್ಕೆ 2,500 ಟನ್‌ವರೆಗೆ ಶ್ರೀಲಂಕಾ ಮೆಣಸಿಗೆ ಸುಂಕವೇ ಇಲ್ಲ. ಅದಕ್ಕಿಂತ ಹೆಚ್ಚಿಗೆ ಬಂದರೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ 8. ಲೆಕ್ಕ ಹಾಕಿ ನೋಡಿ. ಕೆಜಿಗೆ 600 ರೂಪಾಯಿ ಬೀಳುವ ಮೆಣಸು ವಿಯೆಟ್ನಾಮಿನಿಂದ ನೇರ ಬಂದರೆ ಸುಂಕ ಸೇರಿ 900 ರೂ. ಶ್ರೀಲಂಕಾದ್ದು ಅಂತ ಕಾಗದ ತೋರಿಸಿದರೆ 648 ರೂ. ಒಂದು ಕಾಗದಕ್ಕೆ ಕೆಜಿಗೆ 252 ರೂಪಾಯಿ ಉಳಿಯುತ್ತದೆ ಅಂದರೆ ಆ ಕಾಗದ ಹುಟ್ಟಿಸುವವರು ಹುಟ್ಟೇ ಹುಟ್ಟುತ್ತಾರೆ. ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಚೀಲ ಬದಲಿಸಿ, ಮೂಲದ ಪ್ರಮಾಣಪತ್ರ ಹಚ್ಚುವುದು ಹೀಗೆ.

2016ರ ಹೊತ್ತಿಗೆ 700 ರೂ. ಇದ್ದ ಮೆಣಸು ಎರಡು ಮೂರು ವರ್ಷದಲ್ಲಿ 300ರ ಹತ್ತಿರ ಇಳಿಯಿತು. ರೇಟು ಇಳಿಯುತ್ತಿದ್ದಾಗಲೇ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂ. ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದು ಅಂತ 2018ರಲ್ಲಿ ಇನ್ನೂ ಬಿಗಿ ಮಾಡಿತು. ಬೆಳೆಗಾರರು ಸಂಭ್ರಮಪಟ್ಟರು. ಆದರೆ 300 ರೂಪಾಯಿ ಮೆಣಸಿಗೆ 500 ರೂಪಾಯಿಯ ಬಿಲ್ ಹಾಕಿ ತರಿಸುವವರು ಹುಟ್ಟಿಕೊಂಡರು. ಹೆಚ್ಚಿಗೆ ಕಳಿಸಿದ ದುಡ್ಡು ಬೇರೆ ದಾರಿಯಲ್ಲಿ ವಾಪಸ್ ಬರುತ್ತಿತ್ತು. ಇನ್ನೊಂದು ವಿಷಯ ಸಂಘಗಳಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹೊರದೇಶದ ಮೆಣಸಿನ ನಿಜವಾದ ಬೆಲೆಯೇ 500 ದಾಟಿದರೆ ಈ ನಿಯಮಕ್ಕೆ ಹಲ್ಲೇ ಇರುವುದಿಲ್ಲ. 2025ರಲ್ಲಿ ಆದದ್ದು ಅದೇ. ರೇಟು ಚೆನ್ನಾಗಿದ್ದಾಗ ನಿಯಮ ಬೇಡ, ರೇಟು ಬಿದ್ದಾಗ ಸುಳ್ಳು ಬಿಲ್ ಅದನ್ನು ತಿಂದುಹಾಕುತ್ತದೆ.

ನಿಜವಾಗಿ ಕೆಲಸಕ್ಕೆ ಬರುವ ಆಯುಧ ಬೇರೆ ಇದೆ. 2020ರ ಸೆಪ್ಟೆಂಬರ್‌ನಿಂದ ಕಸ್ಟಮ್ಸ್‌ನಲ್ಲಿ ಮೂಲದೇಶದ ನಿಯಮ ಬಿಗಿಯಾಗಿದೆ. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು. ಸರಕು ಎಲ್ಲಿ ಬೆಳೆದದ್ದು, ಹೇಗೆ ಬಂತು ಅನ್ನುವ ಮಾಹಿತಿ ಆಮದುದಾರರ ಹತ್ತಿರವೇ ಇರಬೇಕು. ಅಧಿಕಾರಿಗೆ ಅನುಮಾನ ಬಂದರೆ ಕೇಳಬಹುದು, ಆ ದೇಶಕ್ಕೆ ಬರೆದು ಪರಿಶೀಲಿಸಬಹುದು, ರಿಯಾಯಿತಿ ನಿಲ್ಲಿಸಬಹುದು. ಈ ಅಧಿಕಾರ ಎಷ್ಟು ಬಳಕೆಯಾಗುತ್ತಿದೆ ಅಂತ ಕೇಳಿ. ಯಾವ ಬಂದರಿನಲ್ಲಿ ಎಷ್ಟು ಮೆಣಸು ಇಳಿಯಿತು, ಎಷ್ಟಕ್ಕೆ ಪರಿಶೀಲನೆ ಆಯಿತು ಅಂತ ತಿಂಗಳು ತಿಂಗಳು ಪ್ರಕಟಿಸಿ ಅಂತ ಕೇಳಿ. ಕೇರಳಕ್ಕಿಂತ ಕರ್ನಾಟಕದಲ್ಲೇ ಜಾಸ್ತಿ ಮೆಣಸು ಬೆಳೆಯುವ ಕಾಲ ಇದು. ನಮ್ಮ ಸಂಸದರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಪೂರ್ತಿ ನಿಲ್ಲಿಸಿ ಅಂತ ಯಾಕೆ ಕೇಳಬಾರದು? ಮೆಣಸಿನ ಎಣ್ಣೆ, ಸಾರ ತೆಗೆದು ರಫ್ತು ಮಾಡುವ ಕಾರ್ಖಾನೆಗಳು ಹೊರಗಿನ ಮೆಣಸು ತಂದು, ಸರಕು ಮಾಡಿ, ಮತ್ತೆ ಹೊರಗೇ ಕಳಿಸುತ್ತವೆ. ಅದು ನಿಮ್ಮ ಮಾರುಕಟ್ಟೆಗೆ ಬರಬಾರದು, ಬಂದರೆ ಅದು ಕಳ್ಳತನ, ಹಿಡಿಯಬೇಕು. ಆದರೆ ಆ ಕೆಲಸವನ್ನೇ ನಿಲ್ಲಿಸಿದರೆ ಅದು ಬೇರೆ ದೇಶಕ್ಕೆ ಹೋಗುತ್ತದೆ. ಕಾಫಿಯಲ್ಲೂ ಹೀಗೇ. ಭಾರತದಿಂದ ಹೋಗುವ ಇನ್‌ಸ್ಟಂಟ್ ಕಾಫಿಯಲ್ಲಿ ಒಂದು ಪಾಲು ಹೊರಗಿನ ಬೀಜ ತಂದು ಮಾಡಿದ್ದು. ಇನ್ನು ಬಳಕೆಗೆಂದು ಬರುವ ಕಾಫಿಯ ಮೇಲೆ ನಮ್ಮ ಸಾಮಾನ್ಯ ಸುಂಕ ಈಗಾಗಲೇ ಶೇ 100. ಇದಕ್ಕಿಂತ ಎತ್ತರದ ಗೋಡೆ ಕಟ್ಟಿ ಅಂತ ಕೇಳಿದರೆ, ಒಪ್ಪಂದದ ಮೇಜಿನ ಆಚೆ ಕೂತವರು ಅದನ್ನೇ ನಮ್ಮ ಕಡೆ ತಿರುಗಿಸುತ್ತಾರೆ.

ಯುರೋಪಿನಲ್ಲಿ ಹುರಿಯದ ಕಾಫಿ ಬೀಜಕ್ಕೆ ಸುಂಕ ಸೊನ್ನೆ. ಹುರಿದ ಕಾಫಿಗೆ ಸಾಮಾನ್ಯ ಸುಂಕ ಶೇ 7.5, ಇನ್‌ಸ್ಟಂಟ್‌ಗೆ ಶೇ 9. ಬೀಜ ಕೊಡಿ, ಹುರಿಯುವ ಲಾಭ ನಮಗಿರಲಿ ಅನ್ನುವ ಲೆಕ್ಕ ಅದು. ರಕ್ಷಣೆ ಅಂದರೆ ಇದೂ ರಕ್ಷಣೆಯೇ, ತುಂಬಾ ಹಳೆಯದು. ಹಾಗಾಗಿ ಯುರೋಪ್ ಒಪ್ಪಂದದಿಂದ ನಿಮ್ಮ ಬೀಜಕ್ಕೆ ನೇರವಾಗಿ ಹೊಸ ಸುಂಕದ ಲಾಭ ಏನೂ ಇಲ್ಲ. ಲಾಭ ಬಂದರೆ ಹುರಿದು, ಇನ್‌ಸ್ಟಂಟ್ ಮಾಡಿ ಕಳಿಸುವವರಿಗೆ ಬರಬೇಕು.

ಮನವಿಗೆ ಸಹಿ ಹಾಕಿ, ಆದರೆ ಒಕ್ಕಣೆ ಬದಲಿಸಿ. ಕಾಫಿಯ ಭಾಗ ತೆಗೆಯಿರಿ. ಮೆಣಸಿನ ಭಾಗದಲ್ಲಿ ನಿಲ್ಲಿಸಿ ಅನ್ನುವ ಬದಲು ಮೂಲ ಪರಿಶೀಲಿಸಿ ಅಂತ ಬರೆಯಿರಿ.

ಯುರೋಪಿನ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ. ಅಂಥ ಸರ್ಟಿಫಿಕೇಟೇ ಇಲ್ಲ. ನೀವು ಪೇಪರಿನಲ್ಲಿ ಓದಿದ ಯುರೋಪಿನ ಹೊಸ ಕಾನೂನು 2023ರಲ್ಲಿ ಬಂದ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿಗೆ ಬರಬಾರದು ಅನ್ನುವುದು ಅದರ ಸಾರ. ಕಾಗದ ಸಲ್ಲಿಸಬೇಕಾದವರು ಅಲ್ಲಿ ಕಾಫಿ ತರಿಸಿಕೊಳ್ಳುವ ಕಂಪನಿಯವರು. ನಿಮ್ಮಿಂದ ಅವರಿಗೆ ಬೇಕಾದದ್ದು ತೋಟ ಎಲ್ಲಿದೆ ಅನ್ನುವ ಗುರುತು, ಜಮೀನು ನಿಮ್ಮದೇ ಅನ್ನುವ ದಾಖಲೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿ ಪೂರ್ತಿ ಗುರುತಿಸಬೇಕು. ನಿಮ್ಮದು ಆರು ಎಕರೆ, ಅಂದರೆ ಸುಮಾರು ಎರಡೂವರೆ ಹೆಕ್ಟೇರ್. ಅಕ್ಷಾಂಶ, ರೇಖಾಂಶದ ಒಂದು ಬಿಂದು ಸಾಕು. ಕಾಫಿ ಮಂಡಳಿಯ ಆ್ಯಪ್‌ನಲ್ಲಿ ನೋಂದಣಿ ಮಾಡಿಸಿ. ಹತ್ತಿರದ ಮಂಡಳಿ ಕಚೇರಿಯಲ್ಲಿ ಸಹಾಯ ಕೇಳಿ. ಕಾನೂನು ಎರಡು ಸಲ ಮುಂದೆ ಹೋಗಿ, ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಅಂತ ದಿನ ಇಟ್ಟಿದ್ದಾರೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಹಾಕಿದ್ದಾರೆ. ಅದರಿಂದ ತಪಾಸಣೆ ಕಡಿಮೆ.

ಇದು ಪರಿಸರದ ಕಾಳಜಿಯಾ, ವೇಷ ಹಾಕಿದ ಅಡ್ಡಗೋಡೆಯಾ ಅಂತ ಕೇಳುತ್ತಾರೆ. ನನ್ನ ಪ್ರಕಾರ ಕಾಳಜಿ ನಿಜ, ಅದರ ಭಾರ ಬೀಳುವುದು ಮಾತ್ರ ಸಣ್ಣ ಬೆಳೆಗಾರರ ಮೇಲೆ. ಮುಂದಿನ ದಿನಗಳಲ್ಲಿ ಬರುವ ಅಡೆತಡೆಗಳು ಜಾಸ್ತಿ ಈ ಜಾತಿಯವೇ ಆಗಿರುತ್ತವೆ. ಸುಂಕ ಇರುವುದಿಲ್ಲ, ದಾಖಲೆ ಕೇಳುತ್ತಾರೆ. ಕೀಟನಾಶಕದ ಅಂಶ ಎಷ್ಟು, ತೋಟ ಎಲ್ಲಿದೆ, ಕೆಲಸದವರು ಯಾರು ಅಂತ. ದಾಖಲೆ ಇದ್ದವರ ಬೀಜ ಹೋಗುತ್ತದೆ, ಇಲ್ಲದವರದ್ದು ಒಳ್ಳೆ ಬೀಜವಾದರೂ ಕಡಿಮೆ ರೇಟಿಗೆ ಬೀಳುತ್ತದೆ.

ಈ ಕಾರಣಕ್ಕೇ ಎರಡು ಎಕರೆಯ ಮರ ತೆಗೆಸುವ ಮಾತು ನನಗೆ ಚಿಂತೆ ತಂದಿದೆ. ನಮ್ಮ ನೆರಳಿನ ತೋಟಗಳು ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುತ್ತವೆ. ಕಾನೂನಿನ ಪ್ರಕಾರ ನೆರಳಿನಡಿಯ ಕಾಫಿ ಕೃಷಿಯೇ, ಕಾಡಲ್ಲ. ಆದರೆ 2020ರಲ್ಲಿ ಹಸಿರಾಗಿದ್ದ ಜಾಗ 2026ರಲ್ಲಿ ಬೋಳಾಗಿ ಕಂಡರೆ ಕೊಳ್ಳುವವರು ಪ್ರಶ್ನೆ ಕೇಳುತ್ತಾರೆ. ಆ ಎರಡು ಎಕರೆ ಈಗಾಗಲೇ ತೋಟ ಅಂತ ಪಹಣಿಯಲ್ಲಿ ಇದೆಯಾ, ಬರೀ ಮರಗಳಿರುವ ಜಾಗವಾ? ಎರಡನೆಯದಾದರೆ ಕೈ ಹಾಕಲೇಬೇಡಿ. ಅಲ್ಲಿ ಬೆಳೆದ ಬೀಜವನ್ನು ಉಳಿದ ಆರು ಎಕರೆಯದರ ಜೊತೆ ಬೆರೆಸಿದರೆ ಇಡೀ ಚೀಲವೇ ಯುರೋಪಿಗೆ ಹೋಗದಂತಾಗಬಹುದು.

ದುಡ್ಡು ಹಾಕಲೇಬೇಕು ಅಂತಿದ್ದರೆ ಇರುವ ಆರು ಎಕರೆಗೇ ಹಾಕಿ. ಹೂವಿನ ಹೊತ್ತಿಗೆ ನೀರು ಕೊಡಲು ಕೆರೆ, ಸ್ಪ್ರಿಂಕ್ಲರ್. ಮಳೆ ಕೈಕೊಟ್ಟ ವರ್ಷ ರೋಬಸ್ಟಾ ಉಳಿಸುವುದು ಅದೇ. ಒಳ್ಳೆ ಕಣ ಮಾಡಿಸಿ. ಇರುವ ಮರಗಳಿಗೇ ಇನ್ನಷ್ಟು ಬಳ್ಳಿ ಹಬ್ಬಿಸಿ, ಆದರೆ ಸೊರಗು ರೋಗ ಬಂದರೆ ಬಳ್ಳಿ ಒಟ್ಟಿಗೇ ಹೋಗುತ್ತದೆ, ಅದನ್ನು ನೆನಪಲ್ಲಿಡಿ. ಇದಕ್ಕೂ ಸಾಲ ಬೇಕಾದರೆ, ರೇಟು ಈಗಿನ ಅರ್ಧಕ್ಕೆ ಬಿದ್ದರೂ ಕಂತು ಕಟ್ಟಲು ಆಗುತ್ತದಾ ಅಂತ ಲೆಕ್ಕ ಹಾಕಿ. ಆಗುವುದಿಲ್ಲ ಅಂದರೆ ಸಾಲದ ಮೊತ್ತ ಇಳಿಸಿ. ಕಾಫಿಯಲ್ಲಿ ರೇಟು ಅರ್ಧ ಆಗುವುದು ಅಪರೂಪ ಅಲ್ಲ.

ಬೆಳೆಯನ್ನು ಒಂದೇ ಸಲ ಮಾರಬೇಡಿ, ಪೂರ್ತಿ ಹಿಡಿದಿಟ್ಟುಕೊಳ್ಳಲೂ ಬೇಡಿ. ಕೊಯ್ಲಿನ ಖರ್ಚು ಮತ್ತು ಕಂತಿಗೆ ಬೇಕಾದಷ್ಟು ಮೊದಲೇ ಮಾರಿ, ಉಳಿದದ್ದನ್ನು ಎರಡು ಮೂರು ಸಲಕ್ಕೆ ಹಂಚಿ. ಸುಂಕದ ಸುದ್ದಿ ಬಂದ ದಿನ ಗಾಬರಿಯಿಂದ ಮಾರಿದವರು 2025ರಲ್ಲಿ ವಾರಗಳೊಳಗೆ ರೇಟು ತಿರುಗಿದ್ದು ನೋಡಿ ಸಂಕಟಪಟ್ಟರು.

ಈ ವಾರವೇ ಪಹಣಿ ತೆಗೆಸಿ ನೋಡಿ. ತೋಟ ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲೋ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲೋ ಇದ್ದರೆ ಆ್ಯಪ್ ನೋಂದಣಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಪೌತಿ ಖಾತೆ, ವಿಭಾಗ ಇವಕ್ಕೆ ತಾಲ್ಲೂಕು ಕಚೇರಿಯಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಮುಂದಿನ ಕೊಯ್ಲಿಗೆ ಮೊದಲು ಅದು ಮುಗಿದಿರಬೇಕು.